ಝಳಕ್ಕೆ ಬಣ್ಣವಿಲ್ಲ

ಪ್ರೀತಿಯ ಮಗು,

ನೀನು ಕಳಿಸಿದ ಹತ್ತು ಸೆಕೆಂಡಿನ ಅನಿಮೇಷನ್ ತುಣುಕನ್ನು ನಾಲ್ಕು ಸಲ ನೋಡಿದೆ. ತೇಜಸ್ ಯುದ್ಧವಿಮಾನ ರನ್‌ವೇ ಬಿಟ್ಟೇಳುವ ರೀತಿ, ಚಕ್ರಗಳು ಒಳಸೇರುವ ಗಳಿಗೆ ಎಲ್ಲವೂ ಸೊಗಸಾಗಿದೆ. ಬಾಲದ ಬೆಂಕಿ ಮಾತ್ರ ಕಾಮನ ಹಬ್ಬದ ಬೆಂಕಿಯಂತಿದೆ. ಬೇಜಾರಾಗಬೇಡ. ನಾನು ಮೊದಲು ಮಾಡಿದ ವಿಮಾನವನ್ನು ನೋಡಿದ ವಾಯುಪಡೆಯ ನಿವೃತ್ತ ಮೆಕ್ಯಾನಿಕ್ ಒಬ್ಬರು, "ಇದಕ್ಕೆ ಬೆಂಕಿ ಬಿದ್ದಿದೆಯಲ್ಲಪ್ಪ, ಪೈಲಟ್ ಯಾಕೆ ಇನ್ನೂ ಹೊರಗೆ ಹಾರಿಲ್ಲ?" ಎಂದು ಕೇಳಿದ್ದರು.

ಜೆಟ್ ಎಂಜಿನ್ನಿನ ಬೆಂಕಿ ಹೊಟ್ಟೆಯೊಳಗಿನದು. ಸಾಮಾನ್ಯ ಹಾರಾಟದಲ್ಲಿ ಅದು ಹೊರಗೆ ಕಾಣುವುದೇ ಇಲ್ಲ. ಟರ್ಬೈನ್ ದಾಟಿ ಬಂದ ಬಿಸಿ ಅನಿಲದಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ. ಅದಕ್ಕೆ ಮತ್ತೆ ಇಂಧನ ಚಿಮುಕಿಸಿ ಉರಿಸಿದಾಗ, ಅಂದರೆ ಆಫ್ಟರ್‌ಬರ್ನರ್ ಹಾಕಿದಾಗ, ಜ್ವಾಲೆ ಹೊರಬರುತ್ತದೆ. ತೇಜಸ್‌ನ ಎಫ್404 ಎಂಜಿನ್ನಿಗೆ ಈ ಸೌಲಭ್ಯವಿದೆ. ಸೌದೆ ಒಲೆಯ ಹಳದಿ ಬರುವುದು ಕಾದು ಹೊಳೆಯುವ ಮಸಿಯ ಕಣಗಳಿಂದ. ಆಫ್ಟರ್‌ಬರ್ನರ್ ಜ್ವಾಲೆಯಲ್ಲಿ ಮಸಿ ಕಡಿಮೆ, ಹಾಗಾಗಿ ನೀಲಿಯೂ ಬೆರೆಯುತ್ತದೆ, ಆಚೆಗಿನದು ಕಾಣುವಷ್ಟು ತೆಳುವೂ ಆಗಿರುತ್ತದೆ. ನಡುಹಗಲಲ್ಲಿ ಅದು ಪೇಲವ; ಮುಸ್ಸಂಜೆಯಲ್ಲಿ ಉಜ್ವಲ. ನಿನ್ನ ದೃಶ್ಯ ಮಟಮಟ ಮಧ್ಯಾಹ್ನದ್ದು ಎಂಬುದನ್ನು ಮರೆಯಬೇಡ.

ಜ್ವಾಲೆಯೊಳಗೆ ಸಾಲಾಗಿ ಹೊಳೆಯುವ ವಜ್ರಾಕಾರದ ಗಂಟುಗಳಿರುತ್ತವೆ. ಶಬ್ದಕ್ಕಿಂತ ವೇಗವಾಗಿ ನುಗ್ಗುವ ಅನಿಲದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಹೊಂದದೆ, ಹಿಗ್ಗಿ ಕುಗ್ಗಿ ಹಿಗ್ಗುವುದರಿಂದ ಮೂಡುವ ಗುರುತುಗಳಿವು. ಅನಿಲ ಓಡುತ್ತದೆ, ಗಂಟುಗಳು ಎಂಜಿನ್ನಿನ ಬಾಯಿಯಾದ ನಾಝಲ್‌ನಿಂದ ಅಷ್ಟೇ ದೂರದಲ್ಲಿ ನಿಂತಿರುತ್ತವೆ. ನೀನು ಅವನ್ನೂ ಹಿಂದಕ್ಕೆ ಓಡಿಸಿದ್ದೀಯ. ಈ ಜ್ವಾಲೆಗಾಗಿ ರಾತ್ರಿಯಿಡೀ ಸಿಮ್ಯುಲೇಷನ್ ನಡೆಸಬೇಕಿಲ್ಲ. ಒಂದು ಶಂಕು, ಅದರ ಮೇಲೆ ಚೂರು ನಾಯ್ಸ್, ಅಂದರೆ ಕಂಪ್ಯೂಟರ್ ಹೆಣೆಯುವ ಅಡ್ಡಾದಿಡ್ಡಿ ಏರಿಳಿತ, ಸಾಕು.

ಇನ್ನು ಝಳ. ಅಸಲಿ ಕೆಲಸ ಇರುವುದು ಇಲ್ಲೇ. ಕಾದ ಗಾಳಿಯ ಸಾಂದ್ರತೆ ಕಡಿಮೆ. ಬಿಸಿ ಗಾಳಿ ತಣ್ಣನೆಯ ಗಾಳಿಗೆ ಬೆರೆಯುವ ಕಡೆ ಬೆಳಕು ಬಾಗುತ್ತದೆ. ಏಪ್ರಿಲ್‌ನ ಡಾಂಬರು ರಸ್ತೆಯ ಬಿಸಿಲ್ಗುದುರೆಗೂ ಕಾದ ಕಾವಲಿಯಾಚೆ ನಡುಗುವ ಗೋಡೆಗೂ ಇದೇ ಕಾರಣ. ಝಳಕ್ಕೆ ತನ್ನದೇ ಬಣ್ಣವಿಲ್ಲ, ಆಕಾರವಿಲ್ಲ. ಆದ್ದರಿಂದ ಅದನ್ನು ಚಿತ್ರಿಸಲು ಹೋಗಬೇಡ. ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸ್ ಇಂದಿಗೂ ಕೈಗೆ ಸಿಗುವ ಸಾಧನ. ಪದರಗಳನ್ನು ಜೋಡಿಸುವ ಕಾಂಪೋಸಿಟಿಂಗ್‌ನಲ್ಲಿ ಆ ನಾಯ್ಸ್ ತೆರೆಯ ಮೇಲೆ ಕಾಣದಂತೆ ಹಿನ್ನೆಲೆಯ ಪಿಕ್ಸೆಲ್‌ಗಳನ್ನು ಅತ್ತಿತ್ತ ಸರಿಸಲಿ.

ಹೊಸಬರ ಝಳ ಕೆರೆಯ ನೀರಿನಂತೆ ತುಳುಕುತ್ತದೆ. ಒಂದು ಲೆಕ್ಕ ಹಾಕು. ಅನಿಲ ಸೆಕೆಂಡಿಗೆ 480 ಮೀಟರ್ ಓಡುತ್ತದೆ ಎಂದಿಟ್ಟುಕೊ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಷಟರ್ ತೆರೆದಿರುವುದು ಸಾಮಾನ್ಯವಾಗಿ 1/48 ಸೆಕೆಂಡು. ಅಷ್ಟರಲ್ಲೇ ಅದು 10 ಮೀಟರ್ ದಾಟಿರುತ್ತದೆ. ಹಾಗಾಗಿ ನಾಝಲ್ ಹತ್ತಿರ ಅಲೆಗಳು ಕಾಣವು, ಬರೀ ಕಲಸಿದ ಮಸುಕು. ದೂರ ಹೋದಂತೆ ವೇಗ ತಗ್ಗಿ ಸುಳಿಗಳು ಬಿಡಿಬಿಡಿಯಾಗುತ್ತವೆ. ಇನ್ನೊಂದು ಮಾತು: ಝಳಕ್ಕೆ ಅಂಟಿಕೊಂಡಂತಿರುವ ವಸ್ತು ಹೆಚ್ಚು ಅಲುಗದು, ಅದರಾಚೆ ದೂರದಲ್ಲಿರುವ ಮರ ಹೆಚ್ಚು ಅಲುಗುತ್ತದೆ. ನಿನ್ನ ತುಣುಕಿನಲ್ಲಿ ರನ್‌ವೇ ಗೆರೆ, ಹ್ಯಾಂಗರ್, ಬೆಟ್ಟ ಮೂರೂ ಒಂದೇ ಅಳತೆಯಲ್ಲಿ ಕುಣಿಯುತ್ತಿವೆ.

ಮುಂದಿನ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನೋಡಲು ಯಲಹಂಕಕ್ಕೆ ಹೋಗು. ಎಲ್ಲರೂ ವಿಮಾನ ನೋಡುವಾಗ ನೀನು ಅದರ ಹಿಂದಿನ ಮರಗಳನ್ನು ನೋಡು. ಮನೆಗೆ ಬಂದು ಝಳದ ಪದರವನ್ನು ಒಮ್ಮೆ ತೆಗೆದು, ಒಮ್ಮೆ ಹಾಕಿ ಪರೀಕ್ಷಿಸು. ತೆಗೆದಾಗ ಎಂಜಿನ್ ತಣ್ಣಗಾದಂತೆ ಅನಿಸಬೇಕು. ಹಾಕಿದಾಗ ಕಣ್ಣು ಮೊದಲು ಝಳಕ್ಕೇ ಹೋದರೆ ಅದನ್ನು ಅರ್ಧಕ್ಕೆ ಇಳಿಸು.

ತಿದ್ದಿ ಕಳಿಸು. ಆ ಮೆಕ್ಯಾನಿಕ್ ಈಗಿಲ್ಲ. ಪೈಲಟ್ ಯಾಕೆ ಹಾರಿಲ್ಲ ಎಂದು ಕೇಳುವ ಸರದಿ ನನ್ನದು.

ಇಂತಿ,
ನಿನ್ನ ಮೇಷ್ಟ್ರು