ಕುಡಿತ ಮತ್ತು ಮನೋರೋಗ: ಎರಡಕ್ಕೂ ಒಟ್ಟಿಗೇ ಚಿಕಿತ್ಸೆ



ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಸಂಘದ ಸಭೆಯಲ್ಲಿ ಬರುವ ಮಾತೊಂದಿದೆ: "ನಮ್ಮನೆಯವರು ಕುಡಿಯೋದು ಬಿಡ್ತಾನೇ ಇಲ್ಲ ಕಣ್ರೀ, ಏನು ಮಾಡೋದು?" ಈ ಪಾಠದಲ್ಲಿ ಅದರ ಹಿಂದೆ ಅಡಗಿರಬಹುದಾದ ಇನ್ನೊಂದು ಕಾಯಿಲೆಯ ಬಗ್ಗೆ ತಿಳಿಯೋಣ.

ಭದ್ರಾವತಿಯಲ್ಲಿ ಒಬ್ಬರು ಕೆಲಸ ಕಳೆದುಕೊಂಡರು ಎಂದುಕೊಳ್ಳಿ. ರಾತ್ರಿ ನಿದ್ದೆ ಇಲ್ಲ, ಯಾರ ಜೊತೆಗೂ ಮಾತು ಬೇಡ, ಬದುಕೇ ಬೇಡ ಅನ್ನಿಸುತ್ತದೆ. ಇದು ಖಿನ್ನತೆ. ನಿದ್ದೆ ಬರಲಿ ಅಂತ ಕ್ವಾರ್ಟರ್ ಕುಡಿಯುತ್ತಾರೆ. ಕುಡಿತದಿಂದ ನಿದ್ದೆ ಇನ್ನೂ ಕೆಡುತ್ತದೆ, ಬೇಸರ ಹೆಚ್ಚುತ್ತದೆ. ಮರುದಿನ ಇನ್ನೂ ಜಾಸ್ತಿ ಬೇಕಾಗುತ್ತದೆ. ಹೀಗೆ ಒಂದು ಕಾಯಿಲೆ ಇನ್ನೊಂದನ್ನು ಬೆಳೆಸುತ್ತದೆ. ಗಾಂಜಾ ಸೇದುವ ಕೆಲವು ಯುವಕರಲ್ಲಿ ವಿನಾಕಾರಣ ಸಂಶಯ, ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವುದು ಕೂಡ ಕಾಣಿಸಿಕೊಳ್ಳುತ್ತದೆ.

"ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸಿನ ಡಾಕ್ಟರ್ ನೋಡೋಣ" ಎನ್ನುವವರಿದ್ದಾರೆ. ಇದು ಸರಿಯಲ್ಲ. ಒಂದನ್ನೇ ಗುಣಪಡಿಸಲು ಹೋದರೆ, ಉಳಿದ ಕಾಯಿಲೆ ಅದನ್ನು ಮತ್ತೆ ಎಳೆದು ತರುತ್ತದೆ. ಒಂದೇ ತಂಡದ ವೈದ್ಯರು, ಆಪ್ತಸಮಾಲೋಚಕರು ಎರಡನ್ನೂ ಒಟ್ಟಿಗೆ ನೋಡಬೇಕು. ಮನಸ್ಸಿಗೆ ಮಾತ್ರೆ, ಕುಡಿಯುವ ಚಪಲ ತಗ್ಗಿಸುವ ಔಷಧಿ, ಮನೆಯವರಿಗೂ ಸಲಹೆ, ಇವೆಲ್ಲಾ ಸೇರಿದ್ದೇ ಸಮಗ್ರ ಚಿಕಿತ್ಸೆ. ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮಾನಸಿಕ ಕಾಯಿಲೆ ಎಂದೇ ಒಪ್ಪಿದೆ.

ನೆನಪಿಡಬೇಕಾದ ಅಂಶಗಳು

1. ದಿನಾ ಹೆಚ್ಚು ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವುದು ಶುರುವಾದರೆ ಪ್ರಾಣಕ್ಕೇ ಅಪಾಯ. ಅದು ದೆವ್ವದ ಕಾಟ ಅಲ್ಲ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

2. ಕುಡಿತ ಬಿಡಿಸುವ ಪುಡಿ, ಮಾತ್ರೆಗಳನ್ನು ಗೊತ್ತಾಗದಂತೆ ಸಾರು, ಕಾಫಿಯಲ್ಲಿ ಬೆರೆಸಬೇಡಿ. ಕೆಲವು ಮಾತ್ರೆಗಳ ಮೇಲೆ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಜೀವ ಹೋಗಬಹುದು.

3. ಡಾಕ್ಟರ ಹತ್ತಿರ ಕುಡಿತದ ವಿಷಯವನ್ನೂ ಹೇಳಿ, ನಿದ್ದೆ, ಭಯ, ಸಂಶಯದ ವಿಷಯವನ್ನೂ ಹೇಳಿ.

4. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ತಂದಿಟ್ಟ ಔಷಧಿ ಕೈಗೆ ಸಿಗದಂತೆ ಇಡಿ.

5. ಬಿಟ್ಟವರು ಮತ್ತೆ ಕುಡಿದರೆ "ಎಲ್ಲಾ ಮುಗೀತು" ಅನ್ನಬೇಡಿ. ಸಕ್ಕರೆ ಕಾಯಿಲೆ ಹೆಚ್ಚು ಕಡಿಮೆ ಆಗುವ ಹಾಗೆಯೇ ಇದೂ. ಮತ್ತೆ ಚಿಕಿತ್ಸೆಗೆ ಕರೆತನ್ನಿ.

ಎಲ್ಲಿಗೆ ಹೋಗಬೇಕು?

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಭದ್ರಾವತಿಯವರು ತಾಲ್ಲೂಕು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಮೊದಲು ವಿಚಾರಿಸಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅವರು ಆಸ್ಪತ್ರೆಗೆ ಬರಲು ಒಪ್ಪದಿದ್ದರೂ ನೀವೊಬ್ಬರೇ ಸಲಹೆ ಕೇಳಬಹುದು. ಕಷ್ಟ ಸಹಿಸಿ ಸಹಿಸಿ ನಿಮ್ಮ ಮನಸ್ಸೂ ಸೋತಿದ್ದರೆ ನಿಮಗೂ ಚಿಕಿತ್ಸೆ ಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸಂಘದಲ್ಲಿ ಚರ್ಚಿಸಿ

- ನಮ್ಮ ಬೀದಿಯಲ್ಲಿ ಇಂಥ ಮನೆ ಇದ್ದರೆ, ಮಾತು ಹೊರಗೆ ಹೋಗದಂತೆ ಹೇಗೆ ನೆರವಾಗುತ್ತೇವೆ?
- ಆಸ್ಪತ್ರೆಗೆ ಹೋಗುವ ದಿನ ಆ ಸಹೋದರಿಯ ಜೊತೆ ಯಾರು ಹೋಗುತ್ತಾರೆ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?
- ಬಸ್ ಖರ್ಚು, ಮಾತ್ರೆ ಖರ್ಚಿಗೆ ಸಂಘದಿಂದ ತುರ್ತು ಸಾಲ ಕೊಡಬಹುದೇ?