ಚಂದ್ರನ ಹುಡುಗನ ಚಿತ್ರ ಬರೆದವರು

ಪುಸ್ತಕ ಬಿಡಿಸಿದ ಕೂಡಲೇ ನಮ್ಮ ಕಣ್ಣು ಚಿತ್ರದ ಮೇಲೆ ಹೋಗ್ತದೆ. ಅದು ಮಕ್ಕಳಾಟ ಅಂತ ಕೆಲವರು ನಗ್ತಾರೆ. ನಾವು ಒಪ್ಪೋದಿಲ್ಲ.

ಯುರೋಪಿನಲ್ಲಿ ಡೆನ್ಮಾರ್ಕ್ ಎಂಬ ಸಣ್ಣ ದೇಶ ಇದೆ. ಇಬ್ ಸ್ಪಾಂಗ್ ಓಲ್ಸೆನ್ ಅಲ್ಲಿ 1921ರಲ್ಲಿ ಹುಟ್ಟಿದರು. ಶಾಲಾ ಮೇಷ್ಟ್ರಾದರು. ಚಿತ್ರಕಲೆಯನ್ನೂ ಕಲಿತರು.

1962ರಲ್ಲಿ ಅವರು 'ಚಂದ್ರನೊಳಗಿನ ಹುಡುಗ' ಎಂಬ ಪುಸ್ತಕ ಮಾಡಿದರು. ಕತೆ, ಚಿತ್ರ ಎರಡೂ ಅವರದೇ. ಚಂದ್ರನಿಗೆ ಕೆಳಗೆ ನೀರಿನಲ್ಲಿ ಇನ್ನೊಬ್ಬ ಚಂದ್ರ ಕಂಡ. ಅವನನ್ನು ತರಲು ಹುಡುಗನನ್ನು ಕಳಿಸಿದ. ಹುಡುಗ ಬುಟ್ಟಿ ಹಿಡಿದು ಹೊರಟ. ಮೋಡ ದಾಟಿದ. ಹಕ್ಕಿಗಳನ್ನು ದಾಟಿದ. ಕೊನೆಗೆ ನೀರಿಗೆ ಬಿದ್ದ. ಅಲ್ಲಿ ಸಿಕ್ಕಿದ್ದು ಒಂದು ಕನ್ನಡಿ! ಅದನ್ನೇ ಒಯ್ದು ಕೊಟ್ಟ. ಚಂದ್ರ ಅದರಲ್ಲಿ ನೋಡಿ ಖುಷಿಪಟ್ಟ.

ಈ ಪುಸ್ತಕದ ಅಗಲ ಕಮ್ಮಿ, ಉದ್ದ ಜಾಸ್ತಿ. ಯಾಕೆ ಗೊತ್ತಾ? ಹುಡುಗ ಮೇಲಿಂದ ಕೆಳಕ್ಕೆ ಇಳೀಬೇಕಲ್ಲ! ಪುಟ ಹಾಗಿದ್ದರೆ ನಮ್ಮ ಕಣ್ಣೂ ಅವನ ಜೊತೆ ಇಳೀತದೆ. ಅಕ್ಷರ ಬಾರದ ಮಗುವಿಗೂ ಕತೆ ತಿಳೀತದೆ. ಪುಸ್ತಕಕ್ಕೆ ತಕ್ಕ ಆಕಾರ ಕೊಡೋದೂ ಒಂದು ಕಸುಬೇ ನೋಡಿ.

1972ರಲ್ಲಿ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು. ಮಕ್ಕಳ ಪುಸ್ತಕದ ಚಿತ್ರಗಾರರಿಗೆ ಲೋಕದಲ್ಲೇ ದೊಡ್ಡ ಪ್ರಶಸ್ತಿ ಅದು. 2012ರಲ್ಲಿ, 90ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.