ಅಟ್ಟದ ಮೇಲಿನ ಛರ್ರೆ ಬಂದೂಕು

ಪ್ರಶ್ನೆ: ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ಕಾಲದ ಏರ್‌ಗನ್ ಸಿಕ್ಕಿತು. ಮೇಲೆ ಮೂರು ಬಂದೂಕು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಗುರುತಿದೆ. ಮಗ ಜಾತ್ರೆಯ ಬಲೂನು ಅಂಗಡಿಯ ಬಂದೂಕೆಂದು ತಿಳಿದು ಎತ್ತಿಕೊಂಡಿದ್ದ, ಎದೆ ಧಸಕ್ಕೆಂದಿತು. ಇದು ಯಾವುದು?
– ಓದುಗರು, ಸಂಖ

ಇದರಲ್ಲಿ ಮದ್ದಿಲ್ಲ, ಹಳೆಯದಾಯಿತೆಂದು ತಾನಾಗಿ ಸಿಡಿಯುವುದಿಲ್ಲ. ಆದರೂ ನಿಮ್ಮ ಹೆದರಿಕೆ ಸರಿಯಾದದ್ದೇ. ಒಳಗೆ ಹಳೆಯ ಛರ್ರೆ ಕುಳಿತಿರಬಹುದು. ತುದಿಯನ್ನು ನೆಲದ ಕಡೆಗಿಟ್ಟು, ಕುದುರೆಗೆ ಬೆರಳು ತಾಗಿಸದೆ ನೋಡಿ. ಮಗನ ಕೈಗೆ ಸಿಗದಂತೆ ಬೀಗ ಹಾಕಿಡಿ.

ಮೂರು ಬಂದೂಕಿನ ಗುರುತು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯದು. ಲಿಂಕನ್ ಜೆಫ್ರೀಸ್ ಎಂಬವರ ವಿನ್ಯಾಸದಂತೆ ಅವರು 1905ರಿಂದ ಇವನ್ನು ತಯಾರಿಸಿದರು. ನಳಿಗೆ ಮಡಚುವುದಿಲ್ಲ, ಅದರ ಕೆಳಗಿನ ಸನ್ನೆಕೋಲನ್ನು ಎಳೆದರೆ ಸ್ಪ್ರಿಂಗ್ ಬಿಗಿಯುತ್ತದೆ. ಮೇಲ್ಗಡೆ ಪುಟ್ಟ ನಲ್ಲಿಯಂಥ ತಿರುಗಣೆ ಇದ್ದು, ಛರ್ರೆ ಹಾಕುವುದು ಅದರೊಳಗೆ. ಅದರ ಆಸುಪಾಸಿನಲ್ಲಿ ಒಂಟಿ ಅಂಕಿಯೊಂದನ್ನು ಒತ್ತಿರುವುದುಂಟು. ಆ ಕಾಲದ ಲೆಕ್ಕದಲ್ಲಿ 1 ಎಂದರೆ 4.5 ಮಿ.ಮೀ., 2 ಎಂದರೆ 5.5 ಮಿ.ಮೀ. ಬಟ್ಟೆಯಿಂದ ಮೆಲ್ಲಗೆ ಒರೆಸಿ ಹುಡುಕಿ.

ಈ ಅಂಕಿಗೆ ತೂಕವಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಳವ್ಯಾಸ 4.5 ಮಿ.ಮೀ. ಮೀರಿದ ಅಥವಾ ಹೊಡೆತದ ಬಲ 20 ಜೂಲ್ (ಶಕ್ತಿಯ ಅಳತೆ) ದಾಟಿದ ಏರ್‌ಗನ್‌ಗೆ ಪರವಾನಗಿ ಬೇಕು. 2 ಕಂಡರೆ ಗಾಬರಿ ಬೇಡ, ಮುಚ್ಚಿಡುವುದೂ ಬೇಡ. ಸಾಂಗ್ಲಿ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗದಲ್ಲಿ ನೀವಾಗಿಯೇ ವಿಚಾರಿಸಿ.

ಪ್ರಶ್ನೆ: ನನ್ನದು ನಳಿಗೆ ಮಡಚುವ ಹಳೆಯ ಡಯಾನಾ, 4.5 ಮಿ.ಮೀ. ದಾಳಿಂಬೆಗೆ ಗಿಳಿ ಕಾಟ ಹೇಳತೀರದು. ಲೇಥ್ ಅಂಗಡಿಯವರು 5.5ಕ್ಕೆ ಕೊರೆದು ಕೊಡುತ್ತೇನೆ ಎನ್ನುತ್ತಾರೆ. ಮಾಡಿಸಲೇ?
– ಓದುಗರು, ಉಮದಿ

ಕಣ್ಣೆದುರೇ ಹಣ್ಣು ಹಾಳಾಗುವ ಸಂಕಟ ತೋಟದವರಿಗೇ ಗೊತ್ತು. ಆದರೆ ಕೊರೆಸಬೇಡಿ.

ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಸುರುಳಿ ಗೆರೆಗಳು ಕಾಣುತ್ತವೆ. ಛರ್ರೆಯನ್ನು ಬುಗುರಿಯಂತೆ ತಿರುಗಿಸಿ ನೇರ ಕಳಿಸುವುದು ಅವೇ. ಲೇಥ್ ಅವನ್ನು ಕೆರೆದು ಹಾಕುತ್ತದೆ. ಉಳಿಯುವುದು ಬರೀ ಕೊಳವೆ. ಗುರಿ ಹೋಯಿತು. ಬಲವಾದರೂ ಹೆಚ್ಚುತ್ತದೆಯೇ? ಅದೂ ಇಲ್ಲ. ಬಲ ಕೊಡುವುದು ಸ್ಪ್ರಿಂಗು ಮತ್ತು ಅದು ತಳ್ಳುವ ಗಾಳಿ, ಅವೆರಡೂ ಇದ್ದಷ್ಟೇ. 4.5ರ ಛರ್ರೆ ಸುಮಾರು ಅರ್ಧ ಗ್ರಾಂ, 5.5ರದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಅದೇ ಎತ್ತಿಗೆ ದೊಡ್ಡ ಬಂಡಿ ಕಟ್ಟಿದ ಹಾಗೆ, ವೇಗ ಇಳಿಯುತ್ತದೆ. ಮೇಲಾಗಿ ಇಂದು ಪರವಾನಗಿ ಬೇಡದ ವಸ್ತು ನಾಳೆ ಬೇಕಾದದ್ದಾಗುತ್ತದೆ. ಕೊರೆದವರೂ ಕಾನೂನಿಗೆ ಉತ್ತರ ಹೇಳಬೇಕಾದೀತು.

ಇನ್ನು ಗಿಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಯಾವ ಅಳತೆಯ ಛರ್ರೆಯಿಂದ ಹೊಡೆದರೂ ಅಪರಾಧವೇ. ಗಿಡಗಳ ಮೇಲೆ ಬಲೆ ಹೊದಿಸಿ. ಖರ್ಚು ಹೌದು, ಆದರೆ ಬಲೆ ರಾತ್ರಿಯೂ ಕಾಯುತ್ತದೆ.

ಅಂದಹಾಗೆ, ನಿಮ್ಮದರ ಮೇಲೆ ‘ಮೇಡ್ ಇನ್ ಜರ್ಮನಿ’ ಎಂದಿದೆಯೋ ‘ಗ್ರೇಟ್ ಬ್ರಿಟನ್’ ಎಂದಿದೆಯೋ ನೋಡಿ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಆ ಕಾರ್ಖಾನೆಯ ಯಂತ್ರಗಳು ಸ್ಕಾಟ್ಲೆಂಡಿಗೆ ಹೋದವು. ಮಿಲ್‌ಬ್ರೊ ಎಂಬ ಕಂಪನಿ ಅಲ್ಲಿಂದ ಅದೇ ಡಯಾನಾ ಹೆಸರಲ್ಲಿ ಮಾರಿತು. ಸಂಗ್ರಾಹಕರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಪ್ರಶ್ನೆ: ನಮ್ಮ ಹಳೆಯ ಏರ್‌ಗನ್ನನ್ನು ಗುಜರಿಯವರು ಕಬ್ಬಿಣದ ತೂಕಕ್ಕೆ ಕೇಳುತ್ತಿದ್ದಾರೆ. ಪಾಲಿಶ್ ಮಾಡಿಸಿದರೆ ಬೆಲೆ ಏರುವುದೇ?
– ಓದುಗರು, ಜತ್ತ

ಇಳಿಯುತ್ತದೆ. ಮೂಲದ ನೀಲಿ-ಕಪ್ಪು ಲೇಪ, ಗುರಿಕಣ್ಣು, ತಿರುಪು, ಮರದ ಹಿಡಿ, ಒತ್ತಿದ ಅಂಕಿ, ಇವು ಉಳಿದಷ್ಟೇ ಬೆಲೆ. ಮರಳು ಕಾಗದ ಮುಟ್ಟಿಸಬೇಡಿ, ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಸಾಕು. ಒಳಗಿನ ಚರ್ಮದ ವಾಷರ್ ಒಣಗಿದ್ದರೆ ಬದಲಿಸಬಹುದು, ಅದರಿಂದ ಬೆಲೆಗೆ ಪೆಟ್ಟಿಲ್ಲ. ಆದರೆ ಬಿಗಿದ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಬೇಡಿ. ಚಿಮ್ಮಿದರೆ ಮುಖಕ್ಕೇ ಬರುತ್ತದೆ. ಖಾಲಿ ಬಂದೂಕಿನ ಕುದುರೆ ಎಳೆಯುವುದೂ ಬೇಡ.

ನಾಲ್ಕು ಫೋಟೊ ತೆಗೆದು, ಅಂಕಿಗಳನ್ನೆಲ್ಲ ಬರೆದುಕೊಂಡು, ಹಳೆಯ ಏರ್‌ಗನ್ ಬಲ್ಲ ಇಬ್ಬರಿಗಾದರೂ ತೋರಿಸಿ. ಅಲ್ಲಿಯವರೆಗೆ ಗುಜರಿಯವರಿಗೆ ಕೊಡಬೇಡಿ.